ಅಂಗಡಿ-ಕಾರ್ಖಾನೆಯ ಗಣಕಕ್ಕೆ ಮುಕ್ತ ತಂತ್ರಾಂಶ: ದಿನಬಳಕೆಗೆ ಕೆಲವು ಸೂಚನೆಗಳು

2025ರ ಅಕ್ಟೋಬರ್ ತಿಂಗಳ ಮಧ್ಯಭಾಗ. ಆಯುಧಪೂಜೆ ಮುಗಿದು ಎರಡು ವಾರವಷ್ಟೇ ಆಗಿತ್ತು. ರಾಜಾಜಿನಗರ ಕೈಗಾರಿಕಾ ವಸಾಹತಿನಲ್ಲಿ ಯಂತ್ರಭಾಗಗಳನ್ನು ತಯಾರಿಸುವ ಸಣ್ಣ ಘಟಕವೊಂದರ ಮಾಲೀಕರು ದೂರವಾಣಿ ಮಾಡಿದರು. "ಸಾರ್, ಪೂಜೆಗೆ ಇಟ್ಟ ಕುಂಕುಮ ಇನ್ನೂ ಅಳಿಸಿಲ್ಲ. ಅಷ್ಟರಲ್ಲೇ ಐದು ಕಂಪ್ಯೂಟರಿನಲ್ಲಿ ನಾಲ್ಕು ಇನ್ನು ಪ್ರಯೋಜನವಿಲ್ಲ, ಹೊಸದು ತಗೊಳ್ಳಿ ಅಂತ ಮಾರುವವರು ಹೇಳ್ತಿದ್ದಾರೆ. ಏನು ಮಾಡಲಿ?" ಎಂಬುದು ಅವರ ಪ್ರಶ್ನೆ.

ಅವರ ಆತಂಕಕ್ಕೆ ಕಾರಣವಿತ್ತು. ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಉಚಿತ ಭದ್ರತಾ ಪರಿಷ್ಕರಣೆಗಳು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡವು. ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಭದ್ರತಾ ಚಿಪ್ ಸಹಿತ ಹೊಸ ಪೀಳಿಗೆಯ ಯಂತ್ರ ಬೇಕು. ಸುಸ್ಥಿತಿಯಲ್ಲಿರುವ, ಆದರೆ ಏಳೆಂಟು ವರ್ಷ ಹಳೆಯದಾದ ಅನೇಕ ಗಣಕಗಳು ಈ ಅರ್ಹತೆಯನ್ನು ಪಡೆದಿಲ್ಲ. ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಭಾಗದ ಅಂಗಡಿ ಮತ್ತು ಘಟಕಗಳಲ್ಲಿ ಇಂತಹ ಯಂತ್ರಗಳು ಇಂದಿಗೂ ಹೇರಳವಾಗಿವೆ. ಇವುಗಳ ಒಡೆಯರಿಗೆ ಮೂರು ದಾರಿಗಳಿವೆ: ಹೊಸ ಯಂತ್ರ ಕೊಳ್ಳುವುದು, ಪರಿಷ್ಕರಣೆಯಿಲ್ಲದ ಯಂತ್ರವನ್ನೇ ಅಂತರಜಾಲಕ್ಕೆ ಜೋಡಿಸಿ ಮುಂದುವರಿಸುವುದು, ಇಲ್ಲವೇ ಅದೇ ಯಂತ್ರಕ್ಕೆ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸುವುದು. ಎರಡನೆಯದು ಅಪಾಯದ ದಾರಿ. ಮೂರನೆಯದರ ಕುರಿತು ನಮ್ಮ ವ್ಯಾಪಾರಿ ಮಿತ್ರರಲ್ಲಿ ತಿಳುವಳಿಕೆ ಕಡಿಮೆ, ಭಯ ಹೆಚ್ಚು. ನನ್ನ ಕಚೇರಿಯಲ್ಲಿಯೂ ಕೆಲವು ಕಕ್ಷಿದಾರರ ಘಟಕಗಳಲ್ಲಿಯೂ ಈ ವ್ಯವಸ್ಥೆಯನ್ನು ಬಳಸಿ ಕಂಡುಕೊಂಡ ವಿಷಯಗಳನ್ನು ಈ ಲೇಖನದಲ್ಲಿ ನಿವೇದಿಸಿದ್ದೇನೆ.

ಏನಿದು ಮುಕ್ತ ವ್ಯವಸ್ಥೆ?

ಗಣಕದ ಯಂತ್ರಭಾಗ ಹಾಗೂ ನಾವು ಬಳಸುವ ತಂತ್ರಾಂಶಗಳ ನಡುವೆ ನಿಂತು ಎರಡನ್ನೂ ನಡೆಸುವ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ಬದಲಿಸಬಹುದು, ಹಂಚಬಹುದು ಎಂದು ಪರವಾನಗಿಯೇ ಒಪ್ಪಿದ್ದರೆ ಅದು ಮುಕ್ತ ತಂತ್ರಾಂಶ ಎನಿಸುತ್ತದೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇವುಗಳಲ್ಲಿ ಪ್ರಮುಖವಾದುದು. ಅದನ್ನು ಆಧರಿಸಿ ಸಾಮಾನ್ಯ ಬಳಕೆದಾರರಿಗಾಗಿ ಸಿದ್ಧಪಡಿಸಿದ ಸಂಗ್ರಹಗಳಲ್ಲಿ ಉಬುಂಟು (ಮೊದಲ ಬಿಡುಗಡೆ 2004) ಮತ್ತು ಲಿನಕ್ಸ್ ಮಿಂಟ್ ಹೆಚ್ಚು ಬಳಕೆಯಲ್ಲಿವೆ. ಉಬುಂಟು ಸಿ.ಡಿ.ಗಳನ್ನು ವಿದೇಶದಿಂದ ಅಂಚೆಯಲ್ಲಿ ಉಚಿತವಾಗಿ ತರಿಸಿಕೊಳ್ಳಬಹುದಾಗಿದ್ದ ದಿನಗಳು ಕೆಲವು ಓದುಗರಿಗೆ ನೆನಪಿರಬಹುದು. 2011ರಲ್ಲಿ ಆ ಸೌಲಭ್ಯ ನಿಂತಿತು. ಈಗ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು.

ಇದು ನಮಗೆ ಪರಕೀಯ ವಸ್ತುವಲ್ಲ. 2001ರಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಬೆಂಗಳೂರಿನ ತಂತ್ರಜ್ಞರೂ ಸೇರಿ ರೂಪಿಸಿದ ಕೈಗಣಕ 'ಸಿಂಪ್ಯೂಟರ್' ಲಿನಕ್ಸನ್ನೇ ಅವಲಂಬಿಸಿತ್ತು. ಕೇರಳದ ಸರ್ಕಾರಿ ಶಾಲೆಗಳು ಅನೇಕ ವರ್ಷಗಳಿಂದ ಮುಕ್ತ ವ್ಯವಸ್ಥೆಯನ್ನೇ ಬಳಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದ ಪಠ್ಯಪುಸ್ತಕ ಹಿಡಿದು ಇದೇ ವ್ಯವಸ್ಥೆಯಲ್ಲಿ ಗಣಕ ಕಲಿಯುತ್ತಾರೆ. ಅಲ್ಲಿನ ಶಾಲಾಬಾಲಕರಿಗೆ ಸಾಧ್ಯವಾದುದು ನಮ್ಮ ಗುಮಾಸ್ತರಿಗೆ ಅಸಾಧ್ಯವೆಂದು ನಾನು ನಂಬುವುದಿಲ್ಲ.

ಲೆಕ್ಕಪರಿಶೋಧಕನಿಗೆ ಇದರಲ್ಲೇನು ಕೆಲಸ?

ಹಲವರು ಈ ಪ್ರಶ್ನೆ ಕೇಳಿದ್ದಾರೆ. ಕಿರ್ದಿ ಮತ್ತು ಖಾತೆ ಪುಸ್ತಕಗಳು ಕೆಂಪು ಬಟ್ಟೆಯ ಹೊದಿಕೆಯಲ್ಲಿ ಕಪಾಟಿನೊಳಗಿದ್ದ ಕಾಲದಲ್ಲಿ ಕಪಾಟಿನ ಬೀಗ ಭದ್ರವಾಗಿದ್ದರೆ ಸಾಕಿತ್ತು. ಈಗ ಪುಸ್ತಕವೂ ಗಣಕ, ಕಪಾಟೂ ಗಣಕ. ಆದ್ದರಿಂದ ಗಣಕದ ಸ್ಥಿತಿ ಲೆಕ್ಕದ ವಿಷಯವೇ ಆಗಿದೆ. ಕಾನೂನಿನ ಕೆಳಕಂಡ ಅಂಶಗಳನ್ನು ಗಮನಿಸಿರಿ.

ಒಂದು, ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣಪತ್ರ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಯ್ದಿರಿಸಬೇಕು. ಉದಾಹರಣೆಗೆ, 2022-23ನೇ ಸಾಲಿನ ಲೆಕ್ಕ 2029ರ ಡಿಸೆಂಬರ್ 31ರವರೆಗೆ ನಿಮ್ಮಲ್ಲಿರಬೇಕು. ವ್ಯಾಜ್ಯ ನಡೆಯುತ್ತಿದ್ದರೆ ಅವಧಿ ಇನ್ನೂ ದೀರ್ಘವಾಗಬಹುದು. ಕಂಪನಿಗಳಿಗೆ ಕಂಪನಿ ಕಾಯಿದೆಯ 128ನೇ ಕಲಮು ಎಂಟು ಹಣಕಾಸು ವರ್ಷಗಳ ಅವಧಿಯನ್ನು ವಿಧಿಸಿದೆ.

ಎರಡು, ಅದೇ ತೆರಿಗೆಯ ನಿಯಮ 57 ಹೀಗೆನ್ನುತ್ತದೆ: ವಿದ್ಯುನ್ಮಾನ ರೂಪದ ದಾಖಲೆಗಳಿಗೆ ಸೂಕ್ತ ಪ್ರತಿ ಇರತಕ್ಕದ್ದು, ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ದಾಖಲೆ ನಾಶವಾದರೆ ಸಮಂಜಸ ಅವಧಿಯೊಳಗೆ ಅದನ್ನು ಮರಳಿ ಪಡೆಯುವಂತಿರಬೇಕು, ಅಧಿಕಾರಿಗಳು ಕೇಳಿದಾಗ ಓದಬಲ್ಲ ರೂಪದಲ್ಲಿ ಒದಗಿಸಬೇಕು. ಲೆಕ್ಕದ ಕಡತವಿದ್ದೂ ಅದನ್ನು ತೆರೆಯುವ ತಂತ್ರಾಂಶ ಇಲ್ಲವೆಂದರೆ ಈ ನಿಯಮ ಪಾಲನೆಯಾಗದು.

ಮೂರು, ಕೃತಿಸ್ವಾಮ್ಯ ಕಾಯಿದೆ, 1957ರ 63ಬಿ ಕಲಮು. ಕಳ್ಳಪ್ರತಿಯ ತಂತ್ರಾಂಶವೆಂದು ತಿಳಿದೂ ಗಣಕದಲ್ಲಿ ಬಳಸಿದರೆ ಏಳು ದಿನಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ಲಾಭಕ್ಕಾಗಿಯಾಗಲಿ ವ್ಯಾಪಾರದ ಸಂಬಂಧದಲ್ಲಾಗಲಿ ಬಳಸಿರದಿದ್ದರೆ ನ್ಯಾಯಾಲಯ ಸೆರೆವಾಸವನ್ನು ಬಿಡಬಹುದು. ನಾವು ವ್ಯಾಪಾರಿಗಳಾದ್ದರಿಂದ ಆ ರಿಯಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಕಳ್ಳಪ್ರತಿಯ ಹಾನಿ ನ್ಯಾಯಾಲಯದವರೆಗೂ ಕಾಯುವುದಿಲ್ಲ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ವಿಜಯನಗರದ ಸಗಟು ವ್ಯಾಪಾರಿಯೊಬ್ಬರ ಗಣಕದಲ್ಲಿ ಪರಿಚಿತನೊಬ್ಬ ಹಾಕಿಕೊಟ್ಟ ಕಳ್ಳಪ್ರತಿಯ ವ್ಯವಸ್ಥೆಯಿತ್ತು. ಸಿಕ್ಕಿಬೀಳುವ ಭಯದಿಂದ ಪರಿಷ್ಕರಣೆಯನ್ನೇ ನಿಲ್ಲಿಸಿದ್ದರು. ಒಂದು ಸೋಮವಾರ ಬೆಳಗ್ಗೆ ತೆರೆದು ನೋಡಿದರೆ ಎಲ್ಲ ಕಡತಗಳಿಗೂ ಯಾರೋ ಬೀಗ ಜಡಿದು ಹಣ ಕೇಳಿದ್ದರು. ಪ್ರತಿ ಇರಿಸಿದ್ದ ಹೊರ ಡಿಸ್ಕನ್ನು ಸದಾ ಅದೇ ಯಂತ್ರಕ್ಕೆ ಸಿಕ್ಕಿಸಿಟ್ಟಿದ್ದರಿಂದ ಅದರಲ್ಲಿನ ಕಡತಗಳಿಗೂ ಅದೇ ಗತಿಯಾಯಿತು. ಕಾಗದದ ಬಿಲ್ಲುಗಳಿಂದ ಲೆಕ್ಕವನ್ನು ಪುನಃ ಬರೆಯಲು ಇಬ್ಬರಿಗೆ ನಾಲ್ಕು ತಿಂಗಳು ಹಿಡಿಯಿತು. ಯಾರಿಂದ ಎಷ್ಟು ಬರಬೇಕೆಂಬ ಪಟ್ಟಿಯೇ ಇಲ್ಲದ ಆ ನಾಲ್ಕು ತಿಂಗಳಲ್ಲಿ ವಸೂಲಾಗದೆ ಉಳಿದ ಬಾಕಿಯ ಪೂರ್ಣ ಲೆಕ್ಕ ಇಂದಿಗೂ ಸಿಕ್ಕಿಲ್ಲ.

ಬದಲಾವಣೆಗೆ ಮುನ್ನ ಮಾಡಬೇಕಾದ ಪಟ್ಟಿ

"ಉಚಿತವಂತೆ, ಹಾಕಿಬಿಡಿ" ಎಂದು ಆತುರಪಡುವುದು ಸಲ್ಲದು. ಹಾಳೆಯೊಂದರಲ್ಲಿ ಪ್ರತಿಯೊಂದು ಗಣಕದ ಮುಂದೆ ಅದರಲ್ಲಿ ನಡೆಯುವ ಕೆಲಸಗಳನ್ನು ಬರೆಯಿರಿ. ಅವುಗಳನ್ನು ಮೂರು ಗುಂಪಾಗಿ ವಿಂಗಡಿಸಿರಿ.

ಮೊದಲ ಗುಂಪು, ತೊಂದರೆಯಿಲ್ಲದೆ ನಡೆಯುವ ಕೆಲಸಗಳು. ಮಿಂಚಂಚೆ, ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ಜಾಲತಾಣ, ಇ-ವೇ ಬಿಲ್ಲು, ಪತ್ರವ್ಯವಹಾರ, ದರಪಟ್ಟಿ, ಪಿಡಿಎಫ್ ಓದುವುದು. ಬ್ರೌಸರ್ ಮೂಲಕ ನಡೆಯುವ ಕೆಲಸಗಳಿಗೆ ಕಾರ್ಯಾಚರಣ ವ್ಯವಸ್ಥೆ ಯಾವುದಾದರೂ ಸಾಮಾನ್ಯವಾಗಿ ನಡೆಯುತ್ತದೆ. ಮೊಬೈಲಿಗೆ ಬರುವ ಸಂಕೇತದಿಂದಲೇ ವಿವರಣಪತ್ರವನ್ನು ದೃಢೀಕರಿಸುವ ಏಕಮಾಲೀಕ ಸಂಸ್ಥೆಗಳಿಗೆ ಇದು ಇನ್ನೂ ಸುಲಭ.

ಎರಡನೆಯದು, ಪ್ರಯತ್ನದಿಂದ ಸಾಧ್ಯವಾಗುವ ಕೆಲಸಗಳು. ಡಿಜಿಟಲ್ ಸಹಿಯ ಟೋಕನ್ ಇದಕ್ಕೆ ಉದಾಹರಣೆ. ಜಿಎಸ್‌ಟಿ ಜಾಲತಾಣದ ಸಹಿ ತಂತ್ರಾಂಶಕ್ಕೆ ಲಿನಕ್ಸ್ ಆವೃತ್ತಿಯಿದೆ. ಆದರೆ ಟೋಕನ್ನಿಗೂ ಲಿನಕ್ಸ್ ಡ್ರೈವರ್ ಬೇಕು. ಟೋಕನ್ ಕೊಳ್ಳುವಾಗಲೇ ಮಾರುವವರನ್ನು ಕೇಳಿ ಖಚಿತಪಡಿಸಿಕೊಳ್ಳಿರಿ.

ಮೂರನೆಯದು, ವಿಂಡೋಸ್‌ನಲ್ಲೇ ಉಳಿಯಬೇಕಾದ ಕೆಲಸಗಳು. ನಮ್ಮಲ್ಲಿ ಬಹುಮಂದಿ ಬಳಸುವ ಟ್ಯಾಲಿ ವಿಂಡೋಸ್‌ಗಾಗಿಯೇ ರೂಪಿತವಾದುದು. 'ವೈನ್' ಎಂಬ ಸಾಧನದ ಮೂಲಕ ಲಿನಕ್ಸ್‌ನಲ್ಲಿ ನಡೆಸಲು ಕೆಲವರು ಯತ್ನಿಸುತ್ತಾರೆ. ಲೆಕ್ಕದ ಪುಸ್ತಕದ ಮೇಲೆ ಇಂತಹ ಪ್ರಯೋಗ ಮಾಡಬೇಡಿರೆಂದು ನನ್ನ ಸಲಹೆ. ಜಿಎಸ್‌ಟಿ ಮತ್ತು ಆದಾಯ ತೆರಿಗೆಯ ಆಫ್‌ಲೈನ್ ಸಾಧನಗಳೂ ವಿಂಡೋಸ್‌ಗಾಗಿ ಇವೆ. ಯಂತ್ರಭಾಗಗಳ ವಿನ್ಯಾಸಕ್ಕೆ ಬಳಸುವ ಆಟೋಕ್ಯಾಡ್‌ನಂತಹ ತಂತ್ರಾಂಶಗಳದೂ ಇದೇ ಸ್ಥಿತಿ. ಮುಕ್ತ ತಂತ್ರಾಂಶವಾದ ಫ್ರೀಕ್ಯಾಡ್ 2024ರಲ್ಲಿ 1.0 ಆವೃತ್ತಿಯನ್ನು ತಲುಪಿದೆಯಾದರೂ, ಗ್ರಾಹಕರು ಕಳುಹಿಸುವ ನಕ್ಷೆಗಳನ್ನು ಅದರಲ್ಲಿ ತೆರೆದು ಅಳತೆಗಳನ್ನು ತಾಳೆ ನೋಡುವವರೆಗೆ ನೆಚ್ಚುವಂತಿಲ್ಲ.

ಮೂರನೆಯ ಗುಂಪಿನ ಕೆಲಸಗಳೆಲ್ಲವನ್ನೂ ಒಂದೋ ಎರಡೋ ಯಂತ್ರಗಳಿಗೆ ಸೀಮಿತಗೊಳಿಸಿ, ಆ ಯಂತ್ರಗಳಿಗೆ ಅಧಿಕೃತ ಪರವಾನಗಿಯ ಹೊಸ ವಿಂಡೋಸ್ ಹಾಕಿಸಿರಿ. ಉಳಿದವುಗಳನ್ನು ಬದಲಿಸಿರಿ. ವಿಂಡೋಸ್ ಪ್ರೊಫೆಷನಲ್ ಆವೃತ್ತಿಯ ಯಂತ್ರವನ್ನು ಲಿನಕ್ಸ್ ಯಂತ್ರದಿಂದ 'ರೆಮ್ಮಿನಾ' ಎಂಬ ತಂತ್ರಾಂಶದ ಮೂಲಕ ದೂರದಿಂದಲೇ ತೆರೆಯಬಹುದು. ಆದರೆ ಏಕಕಾಲದಲ್ಲಿ ಒಬ್ಬರೇ ಬಳಸಬಹುದೆಂಬುದನ್ನು ಮರೆಯಬಾರದು.

ದಿನಬಳಕೆಯ ಸೂಚನೆಗಳು

1. ಮೊದಲು ಪೆನ್‌ಡ್ರೈವ್‌ನಿಂದ ಪರೀಕ್ಷಿಸಿರಿ. ಉಬುಂಟು ಅಥವಾ ಮಿಂಟ್ ವ್ಯವಸ್ಥೆಯನ್ನು ಖಾಲಿ ಪೆನ್‌ಡ್ರೈವ್‌ಗೆ ತುಂಬಿ, ಅದರಿಂದಲೇ ಗಣಕವನ್ನು ಆರಂಭಿಸಬಹುದು. ಅಳವಡಿಸುವ ಆಯ್ಕೆಯನ್ನು ಒತ್ತದಿದ್ದರೆ ಒಳಗಿನ ಡಿಸ್ಕಿನ ವ್ಯವಸ್ಥೆ ಹಾಗೆಯೇ ಇರುತ್ತದೆ. ಮುದ್ರಕ, ಅಂತರಜಾಲ, ಧ್ವನಿ ಇವುಗಳು ನಡೆಯುತ್ತವೆಯೇ ಎಂದು ಒಂದು ಗಂಟೆಯಲ್ಲಿ ತಿಳಿಯುತ್ತದೆ. ಪೆನ್‌ಡ್ರೈವ್‌ನಲ್ಲಿದ್ದ ಹಳೆಯ ಕಡತಗಳು ಅಳಿಸಿಹೋಗುವುದರಿಂದ ಅವುಗಳನ್ನು ಮುಂಚೆಯೇ ಬೇರೆಡೆ ಇರಿಸಿಕೊಳ್ಳಿರಿ.

2. ದಿನ ನೋಡಿ ಬದಲಿಸಿರಿ. ಪಂಚಾಂಗವನ್ನು ನೋಡುವವರು ತೆರಿಗೆಯ ಪಂಚಾಂಗವನ್ನೂ ನೋಡಬೇಕು. 7ಕ್ಕೆ ಟಿಡಿಎಸ್ ಪಾವತಿ, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಭವಿಷ್ಯನಿಧಿ, 20ಕ್ಕೆ 3ಬಿ. ಪ್ರತಿ ತಿಂಗಳು ವಿವರಣಪತ್ರ ಸಲ್ಲಿಸುವವರಿಗೆ 21ರಿಂದ ತಿಂಗಳಾಂತ್ಯದವರೆಗಿನ ದಿನಗಳೇ ಸೂಕ್ತ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳನ್ನು ಬಿಟ್ಟುಬಿಡಿ. ನನ್ನ ಕಚೇರಿಯ ನಾಲ್ಕು ಯಂತ್ರಗಳನ್ನು ಉತ್ಸಾಹದಿಂದ ಮಾರ್ಚ್ ಮಧ್ಯದಲ್ಲಿ ಒಟ್ಟಿಗೆ ಬದಲಿಸಿ, ಆ ತಿಂಗಳ ಕೊನೆಯ ರಾತ್ರಿಗಳನ್ನು ಮುದ್ರಕದ ಮುಂದೆ ಕಳೆದ ಅನುಭವದಿಂದ ಹೇಳುತ್ತಿದ್ದೇನೆ. ಒಂದು ಯಂತ್ರ ಬದಲಿಸಿ, ಒಂದು ತಿಂಗಳು ನೋಡಿ, ನಂತರ ಮುಂದಿನದು.

3. ದೀರ್ಘಾವಧಿ ಆವೃತ್ತಿಯನ್ನೇ ಆರಿಸಿರಿ. ಉಬುಂಟು ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ, ಐದು ವರ್ಷ ಪರಿಷ್ಕರಣೆ ದೊರೆಯುವ ಆವೃತ್ತಿಯನ್ನು ಹೊರತರುತ್ತದೆ. ಆವೃತ್ತಿಯ ಹೆಸರಿನಲ್ಲೇ ವರ್ಷ ಮತ್ತು ತಿಂಗಳು ಅಡಗಿವೆ: 24.04 ಎಂದರೆ 2024ರ ಏಪ್ರಿಲ್. ನಡುನಡುವೆ ಬರುವ ಅಲ್ಪಾಯುಷಿ ಆವೃತ್ತಿಗಳು ವ್ಯಾಪಾರಸ್ಥರಿಗೆ ಬೇಡ. ನಾಲ್ಕು ಜಿಬಿ ಸ್ಮೃತಿಯ ಹಳೆಯ ಯಂತ್ರಕ್ಕೆ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹೊಂದುತ್ತದೆ.

4. ತಂತ್ರಾಂಶವನ್ನು ವ್ಯವಸ್ಥೆಯ ಉಗ್ರಾಣದಿಂದಲೇ ಪಡೆಯಿರಿ. ಉಬುಂಟುವಿನ 'ಆಪ್ ಸೆಂಟರ್', ಮಿಂಟ್‌ನ 'ಸಾಫ್ಟ್‌ವೇರ್ ಮ್ಯಾನೇಜರ್' ಇವುಗಳಲ್ಲಿ ನಿತ್ಯ ಬೇಕಾದುದೆಲ್ಲ ದೊರೆಯುತ್ತದೆ. ಸಿಕ್ಕಸಿಕ್ಕ ಜಾಲತಾಣದಿಂದ ಇಳಿಸುವ ಅಭ್ಯಾಸವನ್ನು ಇಲ್ಲಿಗೆ ತರಬೇಡಿರಿ. ಅಂತೆಯೇ, ಯಾರೋ ಬರೆದಿಟ್ಟ ಆಜ್ಞೆಯನ್ನು ಅರ್ಥ ತಿಳಿಯದೆ 'ಟರ್ಮಿನಲ್' ಕಿಟಕಿಗೆ ಅಂಟಿಸಬೇಡಿರಿ. ನಿರ್ವಾಹಕರ ಗುಪ್ತಪದದೊಂದಿಗೆ ಕೊಟ್ಟ ಒಂದು ಸಾಲಿನ ಆಜ್ಞೆ ಇಡೀ ಡಿಸ್ಕನ್ನು ಅಳಿಸಬಲ್ಲದು.

5. ಕೆಲಸಗಾರರಿಗೆ ಬೇರೆ ಬೇರೆ ಖಾತೆ ತೆರೆಯಿರಿ. ನಿರ್ವಾಹಕ ಖಾತೆ ಮಾಲೀಕರಲ್ಲಿರಲಿ. ಬಿಲ್ಲು ಬರೆಯುವವರಿಗೆ ಸಾಮಾನ್ಯ ಖಾತೆ ಸಾಕು. ತಂತ್ರಾಂಶ ಅಳವಡಿಸಲು ನಿರ್ವಾಹಕರ ಗುಪ್ತಪದ ಬೇಕಾಗುವುದರಿಂದ ಬೇಡದ ವಸ್ತು ಒಳನುಗ್ಗುವುದು ಕಷ್ಟವಾಗುತ್ತದೆ. ಗುಪ್ತಪದವನ್ನು ಕಾಗದದಲ್ಲಿ ಬರೆದು ಮುಚ್ಚಿದ ಲಕೋಟೆಯಲ್ಲಿ ತಿಜೋರಿಯಲ್ಲಿಡಿ. ಅದನ್ನು ಬಲ್ಲ ಒಬ್ಬರೇ ಊರಿನಲ್ಲಿಲ್ಲದ ದಿನವೇ ಅದು ಬೇಕಾಗುವುದು.

6. ಪರಿಷ್ಕರಣೆಯನ್ನು ಮುಂದೂಡಬೇಡಿರಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಗಣಕಗಳಿಗೆ ಬೀಗ ಜಡಿದ 'ವನ್ನಾಕ್ರೈ' ದಾಳಿ ಬಳಸಿಕೊಂಡ ದೋಷಕ್ಕೆ ಪರಿಹಾರ ಆ ಮಾರ್ಚ್‌ನಲ್ಲೇ ಬಿಡುಗಡೆಯಾಗಿತ್ತು. ಲಿನಕ್ಸ್‌ನಲ್ಲಿಯೂ ದೋಷಗಳು ಕಂಡುಬರುತ್ತವೆ, ಪರಿಹಾರಗಳೂ ಬರುತ್ತವೆ. ವಾರಕ್ಕೊಂದು ದಿನ, ಅಂಗಡಿ ಮುಚ್ಚುವ ಮುನ್ನ, ಪರಿಷ್ಕರಣೆಗೆ ಒಪ್ಪಿಗೆ ಕೊಟ್ಟು ಯಂತ್ರವನ್ನು ಪುನರಾರಂಭಿಸಿರಿ. "ಲಿನಕ್ಸ್‌ಗೆ ವೈರಸ್ ಬರುವುದೇ ಇಲ್ಲ" ಎಂಬ ಮಾತನ್ನು ನಂಬಬೇಡಿರಿ. ಬ್ಯಾಂಕಿನ ಹೆಸರಿನಲ್ಲಿ ಬರುವ ಸುಳ್ಳು ಮಿಂಚಂಚೆಗೆ ಯಾವ ವ್ಯವಸ್ಥೆಯೂ ಅಡ್ಡಿಯಾಗದು.

7. ಪ್ರತಿ ಮೂರಿರಲಿ. ಕೆಲಸದ ಯಂತ್ರದಲ್ಲಿ ಒಂದು, ಹೊರ ಡಿಸ್ಕಿನಲ್ಲಿ ಒಂದು, ಅಂಗಡಿಯ ಹೊರಗೆ ಮತ್ತೊಂದು. ಉಬುಂಟುವಿನಲ್ಲಿ 'ಡೇಜಾ ಡುಪ್' ಎಂಬ ಸಾಧನ ದಿನಗೊತ್ತು ಮಾಡಿದಂತೆ ಪ್ರತಿ ತೆಗೆಯುತ್ತದೆ. ಮಿಂಟ್‌ನ 'ಟೈಮ್‌ಶಿಫ್ಟ್' ಸಾಮಾನ್ಯವಾಗಿ ವ್ಯವಸ್ಥೆಯನ್ನು ಮಾತ್ರ ಕಾಯುತ್ತದೆ, ನಿಮ್ಮ ಲೆಕ್ಕದ ಕಡತಗಳನ್ನಲ್ಲ; ಎರಡನ್ನೂ ಒಂದೆಂದು ಭಾವಿಸಬೇಡಿರಿ. ಪ್ರತಿ ಮುಗಿದೊಡನೆ ಹೊರ ಡಿಸ್ಕನ್ನು ಬಿಚ್ಚಿಡಿರಿ. ವೃಷಭಾವತಿ ಕಣಿವೆಯ ತಗ್ಗಿನಲ್ಲಿ, ಮೈಸೂರು ರಸ್ತೆಯ ಅಂಚಿನ ನೆಲಮಾಳಿಗೆಗಳಲ್ಲಿ ಅಂಗಡಿಯಿರುವವರಿಗೆ ಮೂರನೆಯ ಪ್ರತಿ ಮನೆಯಲ್ಲೇ ಏಕಿರಬೇಕೆಂದು ಬಿಡಿಸಿ ಹೇಳಬೇಕಿಲ್ಲ. ಕಂಪನಿಗಳಾದರೆ ಲೆಕ್ಕದ ಪ್ರತಿಯನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಇರಿಸಬೇಕೆಂಬ ನಿಯಮವೂ ಇದೆ.

8. ಕಡತದ ಸ್ವರೂಪದತ್ತ ಗಮನವಿರಲಿ. ವ್ಯವಸ್ಥೆಯೊಂದಿಗೆ ಬರುವ ಲಿಬ್ರೆಆಫೀಸ್ ಎಕ್ಸೆಲ್ ಮತ್ತು ವರ್ಡ್ ಕಡತಗಳನ್ನು ತೆರೆಯುತ್ತದೆ, ಅದೇ ಸ್ವರೂಪದಲ್ಲಿ ಉಳಿಸುತ್ತದೆ. ಆದರೆ ಎಕ್ಸೆಲ್‌ನಲ್ಲಿ ಬರೆದ ಮ್ಯಾಕ್ರೋಗಳು ಹಲವು ಬಾರಿ ನಡೆಯುವುದಿಲ್ಲ. ಅಂತಹ ಹಾಳೆಗಳನ್ನು ಬದಲಾವಣೆಗೆ ಮುನ್ನವೇ ಪಟ್ಟಿ ಮಾಡಿಕೊಳ್ಳಿರಿ. ಹೊರಗೆ ಕಳುಹಿಸುವ ದರಪಟ್ಟಿ, ಬಿಲ್ಲು, ಪತ್ರಗಳನ್ನು ಪಿಡಿಎಫ್ ಮಾಡಿ ಕಳುಹಿಸಿರಿ. ಅಕ್ಷರ ಮತ್ತು ಅಂಕಣ ಕದಲುವುದಿಲ್ಲ. ಲೆಕ್ಕವನ್ನೇ ಬರಿಯ ಹಾಳೆಗಳಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆ: ವಿದ್ಯುನ್ಮಾನ ಲೆಕ್ಕದಲ್ಲಿ ತಿದ್ದಿದ, ಅಳಿಸಿದ ಪ್ರತಿ ನಮೂದಿನ ದಾಖಲೆ ಇರಬೇಕೆಂದು ಜಿಎಸ್‌ಟಿ ನಿಯಮ 56 ಹೇಳುತ್ತದೆ. ಸಾಮಾನ್ಯ ಹಾಳೆ ಆ ಕೆಲಸ ಮಾಡದು.

9. ಕನ್ನಡದ ಬೆರಳಚ್ಚು. 'ನುಡಿ' ಬಳಸಿದವರು ಹೊಸದಾಗಿ ಕಲಿಯಬೇಕಾದುದು ಅತ್ಯಲ್ಪ. ಕೀಲಿಮಣೆ ಆಯ್ಕೆಯಲ್ಲಿ 'ಕನ್ನಡ (ಕಗಪ)' ಎಂಬ ವಿನ್ಯಾಸವಿದೆ. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳೇ ಅವು. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಇದರಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿಯೇ ಬಳಕೆಯಾಗುತ್ತದೆ. 'ಗುಬ್ಬಿ', 'ನವಿಲು' ಎಂಬ ಅಕ್ಷರಶೈಲಿಗಳು ಉಗ್ರಾಣದಲ್ಲಿ ದೊರೆಯುತ್ತವೆ. ಆದರೆ ಹಳೆಯ, ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಕಡತಗಳು ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಬದಲಾವಣೆಗೆ ಮುನ್ನ ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿರಿ, ಕನಿಷ್ಠ ಪಿಡಿಎಫ್ ಮಾಡಿಡಿರಿ.

10. ಮುದ್ರಕ. ಈಚಿನ ಜಾಲಮುದ್ರಕಗಳು ಹೆಚ್ಚಾಗಿ ತಾವಾಗಿಯೇ ಗುರುತಿಸಲ್ಪಡುತ್ತವೆ. ಎಚ್‌ಪಿ ಮಾದರಿಗಳಲ್ಲಿ ಅನೇಕಕ್ಕೆ ಆ ಸಂಸ್ಥೆಯದೇ ಮುಕ್ತ ಡ್ರೈವರ್ ಇದೆ. ಮೂರು ಪ್ರತಿಯ ಬಿಲ್ಲಿಗೆ ಬಳಸುವ ಡಾಟ್ ಮ್ಯಾಟ್ರಿಕ್ಸ್ ಮುದ್ರಕಕ್ಕೆ ಪಟ್ಟಿಯಲ್ಲಿ ಅದರ ಹೆಸರು ಕಾಣದಿದ್ದರೆ 'ಎಪ್ಸನ್ 9 ಪಿನ್' ಅಥವಾ '24 ಪಿನ್' ಎಂಬ ಸಾಮಾನ್ಯ ಡ್ರೈವರನ್ನು ಪ್ರಯತ್ನಿಸಿರಿ. ಕೆಲವು ಅಗ್ಗದ ಲೇಸರ್ ಮಾದರಿಗಳು ಹಠಮಾರಿಗಳು. ಅವುಗಳನ್ನು ವಿಂಡೋಸ್ ಯಂತ್ರಕ್ಕೇ ಬಿಡುವುದು ಲೇಸು.

11. ಸಣ್ಣ ವ್ಯತ್ಯಾಸಗಳು. ಕಡತದ ಇಂಗ್ಲಿಷ್ ಹೆಸರಿನಲ್ಲಿ ದೊಡ್ಡಕ್ಷರ ಮತ್ತು ಚಿಕ್ಕಕ್ಷರ ಇಲ್ಲಿ ಬೇರೆ ಬೇರೆ. ಒಂದಕ್ಷರದ ವ್ಯತ್ಯಾಸದಿಂದ ಎರಡು ಕಡತಗಳಾಗುತ್ತವೆ. ಹೆಸರಿಡುವ ಪದ್ಧತಿಯೊಂದನ್ನು ಗೊತ್ತುಮಾಡಿ ಗೋಡೆಗೆ ಅಂಟಿಸಿರಿ. ಪೆನ್‌ಡ್ರೈವನ್ನು ಪರದೆಯ ಮೇಲೆ ಬಿಡುಗಡೆ ಮಾಡಿದ ನಂತರವೇ ಎಳೆಯಿರಿ. ಇಲ್ಲದಿದ್ದರೆ ಕಡತ ಪೂರ್ತಿ ಬರೆಯಲ್ಪಡದೆ ಉಳಿಯಬಹುದು. ಒಂದೇ ಯಂತ್ರದಲ್ಲಿ ಎರಡೂ ವ್ಯವಸ್ಥೆಗಳಿದ್ದರೆ ವಿಂಡೋಸ್‌ನ 'ಫಾಸ್ಟ್ ಸ್ಟಾರ್ಟಪ್' ಆಯ್ಕೆಯನ್ನು ತೆಗೆದುಹಾಕಿರಿ. ಅದಿದ್ದರೆ ಲಿನಕ್ಸ್‌ನಿಂದ ವಿಂಡೋಸ್ ಭಾಗದ ಕಡತಗಳನ್ನು ಓದಲಷ್ಟೇ ಬರುತ್ತದೆ, ತಿದ್ದಲಾಗದು.

12. ವರ್ಷಕ್ಕೆರಡು ಬಾರಿ ಮರುಸ್ಥಾಪನೆಯ ಪರೀಕ್ಷೆ. ಪ್ರತಿ ಇದೆಯೆಂಬ ನಂಬಿಕೆ ಬೇರೆ, ಆ ಪ್ರತಿಯಿಂದ ಲೆಕ್ಕ ತೆರೆಯಿತೆಂಬ ಅನುಭವ ಬೇರೆ. ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳಲ್ಲಿ ಹೊರ ಡಿಸ್ಕಿನಿಂದ ಹಿಂದಿನ ವರ್ಷದ ಕಡತವನ್ನು ಬೇರೆ ಯಂತ್ರಕ್ಕೆ ಇಳಿಸಿ, ತೆರೆದು, ಅಂತಿಮ ಶಿಲ್ಕನ್ನು ಮುದ್ರಿತ ಬ್ಯಾಲೆನ್ಸ್ ಶೀಟಿನೊಂದಿಗೆ ತಾಳೆ ನೋಡಿರಿ.

ಯಾರಿಗೆ ಇದು ಬೇಡ?

ಇರುವ ಒಂದೇ ಗಣಕದಲ್ಲಿ ಟ್ಯಾಲಿ ನಡೆಸುವವರು, ಇಡೀ ದಿನದ ಕೆಲಸ ವಿಂಡೋಸ್‌ಗಾಗಿಯೇ ಬರೆಸಿದ ತಂತ್ರಾಂಶದಲ್ಲಿ ನಡೆಯುವವರು, ತೊಡಕು ಬಂದಾಗ ಕರೆದರೆ ಬರುವ ಲಿನಕ್ಸ್ ಬಲ್ಲ ತಂತ್ರಜ್ಞರಿಲ್ಲದವರು ಅವಸರಪಡುವುದು ಬೇಡ. ವ್ಯವಸ್ಥೆಗೆ ಬೆಲೆಯಿಲ್ಲದಿದ್ದರೂ ಅಳವಡಿಕೆಗೆ, ಕಲಿಕೆಗೆ, ತಂತ್ರಜ್ಞರ ಸೇವೆಗೆ ಖರ್ಚಿದೆ. ಅದನ್ನು ಮೊದಲೇ ಅಂದಾಜಿನಲ್ಲಿ ಸೇರಿಸಿಕೊಳ್ಳಬೇಕು. ಹೊಸ ಯಂತ್ರದ ಬೆಲೆಯೊಡನೆ ಹೋಲಿಸಬೇಕಾದುದು ಈ ಮೊತ್ತವನ್ನು, ಸೊನ್ನೆಯನ್ನಲ್ಲ.

ಉಪಸಂಹಾರ

ಆರಂಭದಲ್ಲಿ ಹೇಳಿದ ರಾಜಾಜಿನಗರದ ಘಟಕದಲ್ಲಿ ಪಟ್ಟಿ ಮಾಡಿ ನೋಡಿದಾಗ ನಾಲ್ಕು ಹಳೆಯ ಯಂತ್ರಗಳಲ್ಲಿ ಮೂರು ಬರಿಯ ಪತ್ರ, ಬಿಲ್ಲು, ಬ್ರೌಸರ್ ಕೆಲಸದವೆಂದು ತಿಳಿಯಿತು. ಆ ಮೂರಕ್ಕೂ ತಿಂಗಳಿಗೊಂದರಂತೆ ಮಿಂಟ್ ಹಾಕಲಾಯಿತು. ನಕ್ಷೆಯ ಕೆಲಸದ ಯಂತ್ರಕ್ಕೆ ಬದಲಾಗಿ ಹೊಸದನ್ನು ಕೊಂಡರು. ಟ್ಯಾಲಿಯ ಯಂತ್ರ ಹೊಸ ಆವೃತ್ತಿಗೆ ಅರ್ಹವಾಗಿದ್ದುದರಿಂದ ಅಲ್ಲಿಯೇ ವಿಂಡೋಸ್ 11 ಬಂತು. ಎಲ್ಲವೂ ಸುಗಮವಾಗಿ ನಡೆಯಲಿಲ್ಲ. ದರ ಲೆಕ್ಕಹಾಕುವ ಹಾಳೆಯ ಮ್ಯಾಕ್ರೋ ಕೈಕೊಟ್ಟು, ಅದನ್ನು ಸರಳ ಸೂತ್ರಗಳಲ್ಲಿ ಪುನಃ ಬರೆಯಲು ಮೂರು ಸಂಜೆ ಬೇಕಾಯಿತು. ಇಪ್ಪತ್ತು ವರ್ಷಗಳಿಂದ ಅಲ್ಲಿರುವ ಗುಮಾಸ್ತರು ಮೊದಲ ವಾರ ನನ್ನೊಡನೆ ಮಾತು ಬಿಟ್ಟಿದ್ದರು. ಎರಡನೆಯ ತಿಂಗಳಲ್ಲಿ ಅವರೇ ಕರೆಮಾಡಿ, "ಕನ್ನಡದಲ್ಲಿ ಪತ್ರ ಬರೆಯೋದು ನುಡಿ ಥರಾನೇ ಇದೆ, ಪರವಾಗಿಲ್ಲ ಸಾರ್" ಎಂದರು.

ಮಾಲೀಕರಿಗೆ ನಾನು ಹೇಳಿದ ಮಾತನ್ನೇ ಓದುಗರಿಗೂ ಹೇಳುತ್ತೇನೆ. ಯಾವ ವ್ಯವಸ್ಥೆಯನ್ನು ಆರಿಸಿದರೂ ಸರಿ, ಆರು ವರ್ಷಗಳ ನಂತರ ಅಧಿಕಾರಿಯೊಬ್ಬರು ಬಂದು ಇಂದಿನ ಬಿಲ್ಲನ್ನು ಕೇಳಿದರೆ ತೆರೆದು ತೋರಿಸುವಂತಿರಬೇಕು. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು, ಪ್ರತಿ ಇರಿಸಿದ ಡಿಸ್ಕಿನಿಂದ ಹಳೆಯ ವರ್ಷದ ಒಂದು ಬಿಲ್ಲನ್ನು ತೆರೆದು ನೋಡಿರಿ. ತೆರೆಯದಿದ್ದರೆ, ಹೊಸ ಯಂತ್ರದ ದರಪಟ್ಟಿ ತರಿಸುವ ಮುನ್ನ ಆ ಕೆಲಸವನ್ನು ಸರಿಪಡಿಸಿಕೊಳ್ಳಬೇಕೆಂದು ವಿನಂತಿ.